ಇಂಗ್ಲಿಷಿನಲ್ಲಿ ಗಂಟೆ ಹೇಳಿಕೊಟ್ಟಿದ್ದು

ಡೊಂಬಿವಲಿಯ ಚಾಳಿನಲ್ಲಿ ಪಕ್ಕದ ಖೋಲಿಯವನಿಗೆ ಇಂಗ್ಲಿಷಿನಲ್ಲಿ ಗಂಟೆ ಹೇಳುವುದನ್ನು ಕಲಿಸಲು ಹೋಗಿ ನನ್ನ ತಲೆ ಚಿಟ್ಟು ಹಿಡಿದಿತ್ತು. ಗುಲಬರ್ಗಾ ಕಡೆಯವನು. ಠಾಣೆ ಊರಿನ ವಾಗ್ಳೆ ಕೈಗಾರಿಕಾ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಲಾರಿಗೆ ಮಾಲು ಹೊತ್ತು ಹಾಕುವ ಕೆಲಸ. ಮೂವತ್ತೈದಕ್ಕೇ ನಡು ಬಿದ್ದುಹೋಗಿ, ಬೆಳಿಗ್ಗೆ ಗೋಡೆ ಹಿಡಿದು ಏಳುತ್ತಿದ್ದ. ಅಷ್ಟರಲ್ಲಿ ಅಲ್ಲಿ ಟೈಮ್‌ಕೀಪರನ ಜಾಗ ಖಾಲಿಯಾಯಿತು. ಗೇಟಿನಲ್ಲಿ ಕೂತು ಯಾರು ಎಷ್ಟು ಹೊತ್ತಿಗೆ ಬಂದರೆಂದು ಬರೆಯುವುದು, ಅಷ್ಟೆ. ಕೂತು ಮಾಡುವ ಕೆಲಸ! ಇಂಟರ್‌ವ್ಯೂ ಮಾತ್ರ ಇಂಗ್ಲಿಷಿನಲ್ಲಿ. ಠಾಣೆಯ ಬೇರೊಂದು ಆಫೀಸಿನಲ್ಲಿ ಟೈಪಿಸ್ಟನಾಗಿದ್ದ ನಾನು ಅವನು ಕೇಳುವ ಮೊದಲೇ ಮೇಷ್ಟ್ರಾಗಿಬಿಟ್ಟೆ.

ಹದಿನೈದು ದಿನ, ದಿನಾ ಸಂಜೆ, ಅದೇ ಗೋಳು. ‘ಹಾಫ್ ಪಾಸ್ಟ್ ಎಯ್ಟ್’ ಎಂದರೆ ಅವನು ಮುಖ ಸಿಂಡರಿಸುತ್ತಿದ್ದ.

“ಸಾಡೆ ಆಠ್ ಅಂದ್ರ ಸಾಹೇಬ್ರಿಗೂ ತಿಳೀತದ್ರಿ ಸರ. ಇಷ್ಟು ಯಾಕ ಸುತ್ತಬೇಕು?”

‘ಕ್ವಾರ್ಟರ್ ಟು ನೈನ್’ ಹೇಳೆಂದರೆ ಒಂಬತ್ತೂಕಾಲಿಗೆ ಹಾರುತ್ತಿದ್ದ. ಬೆಳಿಗ್ಗೆಗೆ ‘ಇನ್’, ಭಾನುವಾರಕ್ಕೆ ‘ಆನ್’, ರಾತ್ರಿಗೆ ‘ಅಟ್’ ಎಂದೆ. “ರಾತ್ರಿ ಏನ್ ಪಾಪ ಮಾಡ್ಯದ್ರಿ?” ಎಂದ. ಸ್ಲೇಟು ಎತ್ತಿ ಅವನ ತಲೆಗೆ ಹಾಕುವಷ್ಟು ಸಿಟ್ಟು ಬಂದಿತ್ತು. ನಾಲ್ಕು ವರ್ಷದಿಂದ ಇಲ್ಲಿದ್ದೇನೆಂದು ಹೇಳಲು ‘ಫಾರ್ ಫೋರ್ ಇಯರ್ಸ್’ ಎನ್ನಬೇಕಾದಲ್ಲಿ ‘ಫ್ರಮ್ ಫೋರ್ ಇಯರ್ಸ್’ ಎನ್ನುವ ಚಟವಂತೂ ಕೊನೆಯ ದಿನದವರೆಗೂ ಬಿಡಲಿಲ್ಲ.

ಹತ್ತು ಗಂಟೆಗೆ ಇಂಟರ್‌ವ್ಯೂ. ಎಂಟೂವರೆಗೆಲ್ಲ ಇಬ್ಬರೂ ಪ್ಲಾಟ್‌ಫಾರ್ಮಿನಲ್ಲಿದ್ದೆವು. ಠಾಣೆ ಕಡೆಯ ಗಾಡಿ ಬಂತು, ಬಾಗಿಲಲ್ಲಿ ಜನ ಜೋತುಬಿದ್ದಿದ್ದರು. ಅವನು ನುಗ್ಗಲು ಹೊರಟ. ನಾನು ರೆಟ್ಟೆ ಹಿಡಿದು ನಿಲ್ಲಿಸಿದೆ. ನಮ್ಮ ಡೊಂಬಿವಲಿಯವರಿಗೆ ಒಂದು ಚಾಳಿಯಿದೆ. ಕೂರಲು ಜಾಗ ಬೇಕೆಂದರೆ ಉಲ್ಟಾ ದಿಕ್ಕಿನಲ್ಲಿ ಕಲ್ಯಾಣ ಸ್ಟೇಶನ್ನಿಗೆ ಹೋಗಿ, ಅಲ್ಲಿಂದ ತಿರುಗಿ ಬರುವ ಅದೇ ಗಾಡಿಯಲ್ಲಿ ಕಿಟಕಿ ಹಿಡಿದು ಬರುವುದು. ಕೂತರೆ ‘ಫಾರ್ ಫೋರ್ ಇಯರ್ಸ್’ ಇನ್ನೊಮ್ಮೆ ತಿದ್ದಬಹುದಲ್ಲ!

“ಹೊತ್ತಾಗ್ತದ್ರಿ ಸರ,” ಎಂದ.

“ನಿಂಗೇನು ಗೊತ್ತು, ಸುಮ್ನೆ ಬಾ,” ಎಂದು ಗದರಿದೆ.

ಕಲ್ಯಾಣದಲ್ಲಿ ಕಿಟಕಿಯ ಸೀಟು ಸಿಕ್ಕಿತು. ಗಾಡಿ ಮಾತ್ರ ಹೊರಡಲಿಲ್ಲ. ಸಿಗ್ನಲ್ ಕೆಟ್ಟಿದೆ ಎಂದರು. ಮುಕ್ಕಾಲು ಗಂಟೆ ಅಲ್ಲೇ ಕೂತು, ಬೆವರು ಒರೆಸಿಕೊಳ್ಳುತ್ತಾ, ಅವನ ತಪ್ಪು ತಿದ್ದುತ್ತಲೇ ಇದ್ದೆ. ನಾನು ಹೇಳಿಕೊಟ್ಟಿದ್ದನ್ನೆಲ್ಲ ಅವನು ಒಪ್ಪಿಸುತ್ತಿದ್ದ, ಕಣ್ಣು ಮಾತ್ರ ಸ್ಟೇಶನ್ನಿನ ಗಡಿಯಾರದ ಮೇಲಿತ್ತು. ಠಾಣೆಯಲ್ಲಿ ಇಳಿದು, ಬಸ್ಸು ಹಿಡಿದು, ಕಾರ್ಖಾನೆಯ ಗೇಟಿಗೆ ಓಡಿದೆವು.

ಸಾಹೇಬರು ಗೇಟಿನಲ್ಲೇ ನಿಂತಿದ್ದರು. ಗೋಡೆಯ ಗಡಿಯಾರ ತೋರಿಸಿ, ಗಂಟೆ ಎಷ್ಟೆಂದು ಇಂಗ್ಲಿಷಿನಲ್ಲಿ ಕೇಳಿದರು.

ಅವನು ನೆಟ್ಟಗೆ ನಿಂತ. “ಇಟ್ ಈಸ್ ಟ್ವೆಂಟಿಫೈವ್ ಪಾಸ್ಟ್ ಟೆನ್, ಸರ್.”

ಒಂದಕ್ಷರ ತಪ್ಪಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ನನಗೆ ಒಂದು ಗಳಿಗೆ ಹೆಮ್ಮೆಯೇ ಆಯಿತು.

“ಔರ್ ತೂ ಟೈಮ್‌ಕೀಪರ್ ಬನೇಗಾ?” ನೀನು ಟೈಮ್‌ಕೀಪರ್ ಆಗುವವನೋ ಎಂದು ಹಂಗಿಸಿ ಸಾಹೇಬರು ಒಳಗೆ ಹೋದರು.

ತಪ್ಪು ನನ್ನದೆಂದು ನಾನು ಕೂಗಿ ಹೇಳಬೇಕಿತ್ತು. ಇಂಗ್ಲಿಷು, ಹಿಂದಿ, ಮರಾಠಿ ಮೂರೂ ಬರುತ್ತಿದ್ದವು. ಒಂದರಲ್ಲೂ ಬಾಯಿ ಬರಲಿಲ್ಲ.

“ಗಂಟಿ ಬರೋಬ್ಬರಿ ಹೇಳಿದ್ನಲ್ರಿ ಸರ?” ಎಂದು ಅವನು ಕೇಳಿದ.

ಹೂಂ ಎಂದೆ. ಅವನು ಇಂಟರ್‌ವ್ಯೂಗೆಂದು ನಾನು ಕೊಟ್ಟಿದ್ದ ಇಸ್ತ್ರಿ ಅಂಗಿಯನ್ನು ಕಳಚಿ, ಮಡಚಿ, ನನ್ನ ಕೈಗಿಟ್ಟು ಲಾರಿಯ ಕಡೆಗೆ ನಡೆದ.