ಪ್ರತಿವಾದಿ ತೆಗೆದ ಟಿಕೆಟ್ಟು

ಹೋದ ತಿಂಗಳು ನಮ್ಮ ಲಾಯರು ನನ್ನ ಡೈರಿ ಓದಿ ಬಿದ್ದು ಬಿದ್ದು ನಕ್ಕರು.

ಅದರಲ್ಲಿ ನಗುವಂಥದ್ದೇನಿತ್ತು? ಹಾಲು ಎಷ್ಟು ಲೀಟರು, ಹಿಂಡಿ ಯಾವತ್ತು ಬಂತು, ನಮ್ಮ ಯಜಮಾನರು ಕೋರ್ಟಿಗೆ ಹೋದ ದಿನ ಏನೇನು ಖರ್ಚಾಯಿತು. ನಾನು ಬರೆಯುವುದೇ ಅಷ್ಟು. (ಈ ಅಂಕಣದಲ್ಲೂ ಅದಕ್ಕಿಂತ ಹೆಚ್ಚೇನಿರುತ್ತದೆ, ನಿಮಗೇ ಗೊತ್ತು.)

ಕೇಸು ಒಂದು ಸೀಮೆಹಸುವಿನದು. ಪಕ್ಕದ ಮನೆಯ ಮುನಿಯಪ್ಪನ ಗಬ್ಬದ ಹಸುವಿಗೆ ಇವರು ಎರಡು ಸಾವಿರ ಅಡ್ವಾನ್ಸ್ ಕೊಟ್ಟಿದ್ದರು. ಹಸು ಹೆಣ್ಣುಕರು ಹಾಕಿತು, ಮುನಿಯಪ್ಪನ ಮನಸ್ಸು ತಿರುಗಿತು. ಹಸುವನ್ನೂ ಕೊಡಲಿಲ್ಲ, ದುಡ್ಡನ್ನೂ ಕೊಡಲಿಲ್ಲ. ಬೇತಮಂಗಲದ ನಾಲ್ಕು ಜನ ಕೂತು ಹೇಳಿದರೂ ಬಗೆಹರಿಯದೆ ಕೆ.ಜಿ.ಎಫ್. ಕೋರ್ಟಿಗೆ ಹೋಯಿತು. ಮೂರು ವರ್ಷ! (ಆ ಕರುವೇ ಈಗ ಗಬ್ಬ.)

ಇಷ್ಟು ದಿನದ ಓಡಾಟದ ಖರ್ಚು ಕೂಡಿದರೆ ಅರ್ಧ ಹಸು ಬರುತ್ತಿತ್ತು. ಆ ಖರ್ಚು ವಾಪಸ್ ಸಿಗದಿದ್ದರೆ ಗೆದ್ದರೂ ಸೋತಂತೆಯೇ. ತೀರ್ಪಿಗೆ ಮುಂಚೆ ಇವರು, "ಗೆದ್ದೋರಿಗೆ ಖರ್ಚು ಕೊಡಿಸ್ತಾರಂತೆ ಕಣೇ, ಪಟ್ಟಿ ಮಾಡು" ಅಂದರು. ಪಟ್ಟಿ ಯಾಕೆ, ಡೈರಿಯನ್ನೇ ಹೊತ್ತುಕೊಂಡು ಇವರ ಜೊತೆ ಲಾಯರ ಹತ್ತಿರ ಹೋದೆ.

ಲಾಯರು ಓದಿದರು: "'ಬಸ್ಸು, ಇಬ್ಬರಿಗೂ ಸೇರಿ ಮೂರು ರೂಪಾಯಿ, ಮುನಿಯಪ್ಪ ಕೊಟ್ಟ. ಊಟ, ಇಬ್ಬರದೂ ನಾವೇ.' ಏನಮ್ಮಾ ಇದು? ಮುನಿಯಪ್ಪ ಅಂದ್ರೆ ನಮ್ಮ ಪ್ರತಿವಾದಿನಾ?"

"ಹೌದು ಸಾರ್. ಕೋರ್ಟಿನ ಟೈಮಿಗೆ ಇರೋದು ಅದೊಂದೇ ಬಸ್ಸು."

ನಮ್ಮ ಕಡೆ ಇದೇನು ದೊಡ್ಡ ವಿಷಯವೇ? ಚಿಲ್ಲರೆ ಇದ್ದವರು ಟಿಕೆಟ್ ತೆಗೆಯುತ್ತಾರೆ. ಜಗಳ ಹಸುವಿನದು, ಬಸ್ಸಿನದಲ್ಲವಲ್ಲ!

ನಗು ನಿಂತ ಮೇಲೆ ನಾನು ಕೇಳಿದೆ. ಹಾಗಾದರೆ ಕೋರ್ಟು ಯಾವ ಖರ್ಚು ಕೊಡಿಸುತ್ತದೆ? ಸ್ಟಾಂಪಿನದು, ನೋಟೀಸು ಕಳಿಸಿದ್ದು, ಸಾಕ್ಷಿಗಳ ಭತ್ಯೆ, ವಕೀಲರ ಫೀಜು ಅಂದರು ಲಾಯರು. ಫೀಜು ಕೂಡ ನಾವು ಕೊಟ್ಟಷ್ಟಲ್ಲ, ರೂಲ್ಸಿನಲ್ಲಿ ಇರುವಷ್ಟು. ನಮ್ಮ ಬಸ್ಸು, ಊಟ, ಇವರಿಲ್ಲದ ದಿನ ಹಾಲು ಕರೆಯಲು ಕರೆಸಿದ ಆಳು, ಯಾವುದೂ ಇಲ್ಲ.

"ಓಗ್ಲಿ, ಬಡ್ಡಿ? ಊರಲ್ಲಿ ನೂರಕ್ಕೆ ತಿಂಗ್ಳಿಗೆ ಎರಡು ರೂಪಾಯಿ ನಡೀತದೆ" ಅಂದರು ಇವರು.

"ಅಡ್ವಾನ್ಸ್ ಚೀಟಿಯಲ್ಲಿ ಬರೆಸಿದೀರಾ?"

"ಊರಿಗೆಲ್ಲಾ ಗೊತ್ತಿರೋದ್ನ ಬರೆಸ್ಬೇಕಾ ಸಾರ್?"

"ಕೋರ್ಟಿಗೆ ಗೊತ್ತಿಲ್ವಲ್ಲಪ್ಪಾ! ಬರೆಸದೆ ಇದ್ರೆ ಜಡ್ಜಿಗೆ ಸರಿ ಕಂಡಷ್ಟು."

ಮೊನ್ನೆ ಸೋಮವಾರ ತೀರ್ಪು ಬಂತು, ನಾನೂ ಜೊತೆಗೆ ಹೋಗಿದ್ದೆ. ಎರಡು ಸಾವಿರ ಅಸಲು. ದಾವಾ ಹಾಕಿದ ದಿನದಿಂದ ವರ್ಷಕ್ಕೆ ನೂರಕ್ಕೆ ಆರರಂತೆ ಬಡ್ಡಿ. ಖರ್ಚು? ಅವರವರದು ಅವರವರಿಗೇ.

ಇವರ ಮುಖ ನೋಡಬೇಕಿತ್ತು. "ಗೆದ್ದೋನು ನಾನಲ್ವಾ ಸಾರ್?"

"ಗೆದ್ದವರಿಗೆ ಖರ್ಚು ಕೊಡಿಸೋದೇ ವಾಡಿಕೆ. ಕೊಡಿಸದೆ ಇದ್ರೆ ಜಡ್ಜು ಕಾರಣ ಬರೀಬೇಕು. ಬರೆದಿದಾರೆ ನೋಡಿ" ಎಂದು ಲಾಯರು ತೋರಿಸಿದರು. ಮೊದಲನೇ ವಾಯಿದೆಯಲ್ಲೇ ಪ್ರತಿವಾದಿ ಅಸಲು ಕೊಡಲು ಒಪ್ಪಿದ್ದ. ವಾದಿ ಊರ ಬಡ್ಡಿಗೆ ಹಟ ಹಿಡಿದು ಬೇಡವೆಂದ. ಅಲ್ಲಿಂದಾಚೆಯ ಓಡಾಟಕ್ಕೆ ಇಬ್ಬರೂ ಹೊಣೆ.

ಹಾಗೆಂದಿದ್ದನೇ ಮುನಿಯಪ್ಪ? ನಾನು ಮೆಲ್ಲಗೆ ಚೀಲದಿಂದ ಹಳೇ ಡೈರಿ ತೆಗೆದೆ. ಇತ್ತು, ನನ್ನದೇ ಅಕ್ಷರ. 'ಮುನಿಯಪ್ಪ ಅಸಲು ಕೊಡುತ್ತೇನೆಂದನಂತೆ. ಇವರು ಒಲ್ಲೆ ಎಂದರಂತೆ. ಬಸ್ಸು ಅವನದೇ.' ಮೂರು ವರ್ಷ ಖರ್ಚಿನ ಸಾಲು ಮಾತ್ರ ನೋಡಿದ್ದೆ. ಅದರ ಮೇಲಿನ ಸಾಲನ್ನು ಒಮ್ಮೆಯಾದರೂ ಓದಬಾರದಿತ್ತೇ?

ವಾಪಸ್ ಬರುವಾಗಲೂ ಅದೇ ಬಸ್ಸು, ಅದೇ ಸೀಟು. ರಾಬರ್ಟ್‌ಸನ್ ಪೇಟೆ ದಾಟಿತು. ಆಮೇಲೆ ಮುನಿಯಪ್ಪನೇ ಶುರು ಮಾಡಿದ.

"ಅಣ್ಣೋ, ಅವತ್ತೇ ಈಸ್ಕೊಂಡಿದ್ರೆ ನಿಂದೇನ್ ಓಗ್ತಿತ್ತು?"

"ಸುಮ್ನಿರ್ಲಾ. ಅಸ ಕೊಟ್ಟಿದ್ರೆ ನಿಂದೇನ್ಲಾ ಓಗ್ತಿತ್ತು?"

ಕಂಡಕ್ಟರ್ ಬಂದ. ಇಬ್ಬರೂ ಜೇಬಿಗೆ ಕೈ ಹಾಕಿದರು. ಮುನಿಯಪ್ಪನ ಕೈ ಮೊದಲು ಹೊರಬಂತು. "ಅಕ್ಕಯ್ಯಂದೂ ಸೇರಿಸ್ಕೊಂಡು ಮೂರು, ಬೇತ್ಮಂಗ್ಲ."

ಅವರವರ ಖರ್ಚು ಅವರವರಿಗೇ ಎಂದು ಕೋರ್ಟು ಹೇಳಿ ಇನ್ನೂ ಒಂದು ಗಂಟೆಯಾಗಿರಲಿಲ್ಲ. ಇದು ನ್ಯಾಯಾಂಗ ನಿಂದನೆಯೇ?