ಪ್ಲಗ್ ನನ್ನ ಕೈಯಲ್ಲೇ ಇತ್ತು

ನನ್ನ ಮೊಮ್ಮಗಳು ಸವಿತಾ ಪಾಸಾದಳು! ಇಡೀ ಕಾಲೇಜಿಗೇ ಮೊದಲನೆಯವಳು! ನಿಗಡಿಯ ನಮ್ಮ ಓಣಿಗೆಲ್ಲ ಪೇಢೆ ಹಂಚಿ ಕಾಲು ಸೋತಿವೆ, ಖುಷಿ ಸೋತಿಲ್ಲ. ಆದರೆ ಅವಳ ಪ್ರಾಜೆಕ್ಟ್ ಮುಗಿದ ಆ ರಾತ್ರಿ... ನಾನು ಎರಡನೇ ಇಯತ್ತೆ ಕಲಿತವಳು, ಕಥೆ ಕಟ್ಟಲು ಬಾರದು. ಕಂಡದ್ದನ್ನಷ್ಟೇ ಹೇಳುತ್ತೇನೆ.

ಅವಳ ಲೆಕ್ಕ ದೊಡ್ಡದು, ಒಂದು ಕಂಪ್ಯೂಟರಿಗೆ ಎರಡು ರಾತ್ರಿ ಬೇಕು. ಆದರೆ ಮರುದಿನ ಬೆಳಗ್ಗೆಯೇ ಕಾಲೇಜಿಗೆ ಒಪ್ಪಿಸಬೇಕಿತ್ತು. ಕರೆಂಟ್ ಹೋದರೂ ನಡೆಸುವ ಬ್ಯಾಟರಿ ಕೊಳ್ಳಲು ಇಟ್ಟ ದುಡ್ಡಿನಲ್ಲಿ ಅವಳು ಇನ್ನೊಂದು ಹಳೆಯ ಕಂಪ್ಯೂಟರ್ ತಂದಳು. ಎರಡಕ್ಕೂ ವೈರ್ ಜೋಡಿಸಿ ಕೆಲಸ ಹಂಚಿದಳು.

"ನಡುನಡುವ ಸೇವ್ ಮಾಡಿದ್ರ ಭಾಳ ನಿಧಾನ ಆಗ್ತದ ಅಜ್ಜಿ, ಅದಕ್ಕ ಬಿಟ್ಟೀನಿ. ಒಂದು ಬಂದ್ ಆದ್ರೂ ಎಲ್ಲಾ ಹೋತು."

"ನೀ ಮಲಕೋ ನನ್ನವ್ವ, ನಾ ಕಾಯ್ತೀನಿ."

"ನೀನಾ? ನಿನ್ನ ಗೊರಕಿಗೆ ಅದೂ ಎದ್ದು ಓಡ್ತದ!"

ಹಿಂದೆ ನಾವಿದ್ದ ಸಾಲುಮನೆಗಳ ಚಾಳಿನಲ್ಲಿ ವೈರ್ ಸುಟ್ಟು ಬೆಂಕಿ ಹತ್ತಿತ್ತು. ಅಂದಿನಿಂದ ಮಲಗುವ ಮುಂಚೆ ಮನೆಯ ಪ್ಲಗ್ಗುಗಳನ್ನೆಲ್ಲ ಕೀಳುವುದು ನನ್ನ ರೂಢಿ. ನಡುರಾತ್ರಿ ತೂಕಡಿಕೆಯಲ್ಲೇ ಎದ್ದೆ... ಟಿವಿಯದು ಕಿತ್ತೆ... ಪಕ್ಕದ್ದನ್ನೂ ಕಿತ್ತೆ.

ಕಣ್ಣುಜ್ಜಿ ನೋಡಿದೆ. ಅದು ಹಳೆಯ ಕಂಪ್ಯೂಟರಿನ ಪ್ಲಗ್!

ಆದರೆ... ಗುಂಯ್ ಎಂಬ ಸದ್ದು ನಿಲ್ಲಲಿಲ್ಲ. ಹಸಿರು ದೀಪ ಮಿಣುಕುತ್ತಲೇ ಇತ್ತು. ಕೈಯಲ್ಲಿದ್ದ ವೈರ್ ತಡವುತ್ತ ಹೋದೆ. ಅದರ ಇನ್ನೊಂದು ತುದಿ ಆ ಕಂಪ್ಯೂಟರ್ ಡಬ್ಬಿಯ ಬೆನ್ನಿಗೇ ಇತ್ತು. ಸುಟ್ಟ ಕೂದಲಿನ ವಾಸನೆ... ಡಬ್ಬಿ ಮುಟ್ಟಿದರೆ ಮಂಜುಗಡ್ಡೆ. ಒಳಗೆ ಯಾರೋ ಉಸಿರೆಳೆದು ಬಿಟ್ಟರು.

ಮತ್ತೆ ಚುಚ್ಚಲೇ? ಚುಚ್ಚಿ ನಿಂತುಬಿಟ್ಟರೆ? ಸವಿತಾಳನ್ನು ಎಬ್ಬಿಸದೆ ಡಬ್ಬಿಯತ್ತ ಬಾಗಿದೆ.

"ಯಾರರ ಇರು... ಕೂಸಿನ ಕೆಲಸ ಮುಗಿಸಿ ಹೋಗಪಾ," ಎಂದು ಪಿಸುಗುಟ್ಟಿದೆ.

ಒಳಗಿನ ಉಸಿರು ಒಂದು ಗಳಿಗೆ ತಡೆಯಿತು... ಕೇಳಿಸಿಕೊಂಡಂತೆ. ಪ್ಲಗ್ ಹಿಡಿದೇ ಬೆಳಗಿನವರೆಗೆ ಕೂತೆ.

ಹಾಲಿನವನು ಬರುವ ಹೊತ್ತಿಗೆ ಸವಿತಾ ಎದ್ದು ಬಂದು ಪರದೆ ನೋಡಿ ಕುಣಿದಳು. "ಅಜ್ಜೀ, ಎಲ್ಲಾ ಆತು!" ಲೆಕ್ಕವನ್ನು ಅವಳು ಸೀಡಿಗೆ ತುಂಬಿದ್ದೇ ತಡ, ಹಳೆಯ ಡಬ್ಬಿ ಟಕ್ಕೆಂದು ಆರಿತು.

"ಪ್ಲಗ್ ಯಾಕ ನಿನ್ನ ಕೈಯಾಗ?"

"ಈಗ ಕಿತ್ತೆ," ಎಂದು ಸುಳ್ಳು ಹೇಳಿದೆ.

ಇವತ್ತು ಸಂಜೆ ಮಗ, ಸೊಸೆ, ಸವಿತಾ, ನಾನು, ಎಲ್ಲರೂ ಒಟ್ಟಿಗೆ ಹೋಳಿಗೆ ಉಣ್ಣಲು ಕೂತೆವು.

"ಅವತ್ತ ರಾತ್ರಿಯೆಲ್ಲಾ ಕಾದೀರಿ ಅತ್ತಿ, ನಿಮಗ ಇನ್ನೊಂದು," ಎಂದು ಸೊಸೆ ಬಡಿಸಿ ತುಪ್ಪ ಸುರಿದಳು.

"ನಾ ಒಬ್ಬಾಕಿನೇ ಕಾದಿಲ್ಲವ್ವ," ಅಂದೆ.

ಎಲ್ಲರೂ ನಕ್ಕರು. ಮೂಲೆಯ ಹಳೆಯ ಡಬ್ಬಿ ಬೆನ್ನ ಹಿಂದೆ ಬಾರದಂತೆ ನಾನು ಗೋಡೆಗೆ ಬೆನ್ನು ಒತ್ತಿ ಕುಳಿತು, ತುತ್ತು ಮುರಿದೆ.