ಕಿವಿಯಕ್ಕ ಮುಗಿಸದೆ ಬಿಟ್ಟ ವಾಕ್ಯ

ಬೆಳಕು ಹರಿಯುವ ಮುಂಚೆಯೇ ಕಿವಿಯಕ್ಕ ಹಿಂದಿನ ಕೋಣೆಯ ಬಾಗಿಲಿಗೆ ಹಳೆಯ ರಜಾಯಿ ಇಳಿಬಿಡುತ್ತಾರೆ. ಪಕ್ಕದ ಮನೆಯ ನಲ್ಲಿ, ಮೇಲಿನ ಮನೆಯವರ ಕೆಮ್ಮು, ಬೀದಿಯ ಹಾರ್ನು ಶುರುವಾಗುವ ಮೊದಲು ಸಿಗುವ ಒಂದಿಷ್ಟು ಮೌನವೇ ಅವರ ಬಂಡವಾಳ. ಒಂದು ಮೇಜು, ಒಂದು ಕಂಪ್ಯೂಟರು, ಕಾಲಡಿಯಲ್ಲಿ ಹೊಲಿಗೆ ಯಂತ್ರಕ್ಕಿರುವಂಥ ಪೆಡಲು. ಒತ್ತಿದರೆ ಧ್ವನಿ ಓಡುತ್ತದೆ, ಹಿಮ್ಮಡಿಯಿಂದ ತುಳಿದರೆ ಒಂದು ಹೆಜ್ಜೆ ಹಿಂದಕ್ಕೆ ಬರುತ್ತದೆ. ಹೆಡ್‌ಫೋನಿನೊಳಗೆ ಯಾರೋ ಕುರ್ಚಿ ಎಳೆಯುತ್ತಾರೆ, ಯಾರೋ ಗಂಟಲು ಸರಿಮಾಡಿಕೊಳ್ಳುತ್ತಾರೆ. ಕೋರ್ಟು ಶುರುವಾಗುತ್ತದೆ.

ಈ ಊರಿನ ನ್ಯಾಯಾಧೀಶರು ತೀರ್ಪನ್ನು ಬಾಯಲ್ಲೇ ಹೇಳುತ್ತಾರೆ, ಯಂತ್ರ ಸಾಕ್ಷಿಗಳ ಮಾತಿನ ಜೊತೆಗೆ ಅದನ್ನೂ ಹಿಡಿದಿಡುತ್ತದೆ. ಶಿಕ್ಷೆಯಾದವರು ಮೇಲ್ಮನವಿ ಹಾಕಿದರೆ ಆ ಧ್ವನಿ ಕಿವಿಯಕ್ಕನ ಮನೆಗೆ ಬಂದು, ಅಕ್ಷರವಾಗಿ ಮೇಲಿನ ಕೋರ್ಟಿಗೆ ಹೋಗುತ್ತದೆ. ಒಂದು ಗಂಟೆಯ ಮಾತಿಗೆ ಐದು ಗಂಟೆ ದುಡಿಮೆ. ಬೀದಿಯವರು ಕಿವಿಯಕ್ಕ ಎಂದು ಕರೆಯುವುದು ಇದಕ್ಕೇ. “ಮಾತಾಡೋರು ಮಾತಾಡಿ ಎದ್ದು ಹೋಗ್ತಾರೆ. ಕಸ ಗುಡಿಸೋಳು ನಾನು,” ಎಂದು ನಗುತ್ತಾರೆ.

ಮೊದಲು ಅವರು ಕೋರ್ಟಿನ ಟೈಪಿಂಗ್ ವಿಭಾಗದಲ್ಲಿದ್ದರು. ವಿಭಾಗ ಮುಚ್ಚಿ ಕೆಲಸವನ್ನು ಮನೆಗೆ ಕಳಿಸಿದ ಹೊತ್ತಿಗೇ, ಬಸ್ ಮೆಕ್ಯಾನಿಕ್ ಆಗಿದ್ದ ಗಂಡ ಸೊಂಟ ಹಿಡಿದು ಮಲಗಿದರು. “ಗಂಡನೂ ಕೆಲಸವೂ ಒಟ್ಟಿಗೇ ಮನೆಗೆ ಬಂದ್ವು. ಸದ್ಯ, ಎರಡೂ ಗಲಾಟೆ ಮಾಡಲ್ಲ.” ಈಗ ಅವರ ಬಲಗಿವಿ ಸದಾ ಗುಂಯ್‌ಗುಡುತ್ತದೆ. ನಿಶ್ಶಬ್ದವಾಗಿರುವ ಕಡೆ ಇರಿ ಎಂದು ಡಾಕ್ಟರು ಹೇಳಿದ್ದಾರೆ. “ಅಲ್ಲೇ ಇದ್ದೀನಲ್ಲ ಡಾಕ್ಟ್ರೇ ಅಂದೆ.” ಸಾಕ್ಷಿ ಹೇಳುತ್ತ ಹೇಳುತ್ತ ಯಾರಾದರೂ ಅತ್ತಾಗ ಮಾತ್ರ ಕಷ್ಟ. ಹೆಡ್‌ಫೋನು ತೆಗೆದಿಟ್ಟು ನೀರು ಕುಡಿದು ಬರುತ್ತಾರೆ. ಬಂದ ಮೇಲೆ ಆ ಅಳುವನ್ನೇ ಮತ್ತೆ ಮೊದಲಿನಿಂದ ಕೇಳಬೇಕು.

ಇಷ್ಟು ವರ್ಷ ಅವರು ಹೆಚ್ಚಾಗಿ ಕೇಳಿರುವುದು ಒಬ್ಬರೇ ಹಿರಿಯ ನ್ಯಾಯಾಧೀಶರನ್ನು. ಮುಖ ನೋಡಿಲ್ಲ. ಆದರೆ ಪೆಪ್ಪರಮೆಂಟು ಅವರ ಹಲ್ಲಿಗೆ ತಾಗುವ ಸದ್ದು ಗೊತ್ತು, ನಡುಗುವ ಸಾಕ್ಷಿಗೆ “ನೀರು ಬೇಕೇನಮ್ಮ?” ಎಂದು ಕೇಳುವ ದನಿ ಗೊತ್ತು. “ಇವಳಿಗೆ ಗಂಡನ ಗೊರಕೆಗಿಂತ ಜಡ್ಜ್ ಕೆಮ್ಮೇ ಚೆನ್ನಾಗಿ ಗೊತ್ತು,” ಎಂದು ಅತ್ತೆ ಛೇಡಿಸುತ್ತಾರೆ.

ಆ ನ್ಯಾಯಾಧೀಶರ ಒಂದು ತೀರ್ಪು ಕಿವಿಯಕ್ಕನ ನಿದ್ದೆ ಕೆಡಿಸಿತು. ಬ್ರೆಡ್ಡಿನ ವ್ಯಾನ್ ಓಡಿಸುವವನೊಬ್ಬನಿಗೆ ಗೋದಾಮಿನ ಕಳ್ಳತನಕ್ಕಾಗಿ ಜೈಲಾಗಿತ್ತು. ಆ ಸಂಜೆ ನಾದಿನಿಯ ಮನೆಯಲ್ಲಿ ಕೆಟ್ಟ ನಲ್ಲಿ ರಿಪೇರಿ ಮಾಡುತ್ತಿದ್ದೆ ಎಂಬುದು ಅವನ ಮಾತು. ನಾದಿನಿಯೂ ಬಂದು ಹಾಗೆಯೇ ಸಾಕ್ಷಿ ಹೇಳಿದ್ದಳು. ತೀರ್ಪು ಅಲ್ಲಿಗೆ ಬಂತು: “ನಾದಿನಿಯ ಸಾಕ್ಷ್ಯವನ್ನು ನಾನು ಒಪ್ಪುವುದಿಲ್ಲ. ಏಕೆಂದರೆ...” ಅಷ್ಟರಲ್ಲಿ ಹೊರಗೆ ಆಂಬುಲೆನ್ಸು. “ಆ ಕಿಟಕಿ ಮುಚ್ಚಪ್ಪ.” ಕಿಟಕಿ ಧಡ್ ಎಂದಿತು, ಕಾಗದ ಮಗುಚಿದ ಸದ್ದು. ಆಮೇಲೆ: “ಆದ್ದರಿಂದ ಆರೋಪ ಸಾಬೀತಾಗಿದೆ.”

ಕಾರಣ ಸೈರನ್ನಿನ ಅಡಿಯಲ್ಲೆಲ್ಲೋ ಹುದುಗಿರಬೇಕೆಂದು ಕಿವಿಯಕ್ಕ ಹಿಮ್ಮಡಿ ನೋಯುವವರೆಗೆ ಹಿಂದಕ್ಕೆ ಹೋಗಿ ಹೋಗಿ ಕೇಳಿದರು. “ಹೇಳಿರ್ಲಿ ದೇವರೇ ಅಂತ ಬೇಡ್ಕೊಂಡೆ. ಒಳ್ಳೇ ಮನುಷ್ಯ ಅವರು. ನಾನು ಟೈಪ್ ಮಾಡಿದ್ದನ್ನ ಮೇಲಿನ ಕೋರ್ಟಿನೋರು ಓದಿ, ಇವರನ್ನ ಬೈದ್ರೆ?” ನ್ಯಾಯಾಧೀಶರು ಏನೆನ್ನಲು ಹೊರಟಿದ್ದರೆಂದು ಅವರಿಗೆ ಅನುಮಾನವೇ ಇರಲಿಲ್ಲ. ಹತ್ತಿರದ ನೆಂಟಳು, ಅದಕ್ಕೇ ನಂಬಲಾಗದು. ಎಷ್ಟೋ ತೀರ್ಪುಗಳಲ್ಲಿ ಕೇಳಿದ ಮಾತು. ಒಂದು ಸಾಲು ಸೇರಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸೇರಿಸಿಯೂ ಆಗಿತ್ತು.

ಟೀ ತಂದ ಅತ್ತೆ ಸೊಸೆಯ ಮುಖ ನೋಡಿದರು. “ಏನೇ, ಏನಾಯ್ತು?”

“ಒಬ್ಬರ ಮಾತು ಅರ್ಧಕ್ಕೇ ನಿಂತಿದೆ ಅತ್ತೆ. ಏನಂತಿದ್ರು ಅಂತ ನಂಗೊತ್ತು. ನಾನೇ ಮುಗಿಸಿಬಿಡ್ಲಾ?”

“ಮಹಾ ಗೊತ್ತು ನಿಂಗೆ! ನನ್ನ ಮಾತನ್ನ ನೀನು ಮುಗಿಸಿದಾಗೆಲ್ಲ ತಪ್ಪಾಗೇ ಮುಗಿಸಿದೀಯ.”

ಕಿವಿಯಕ್ಕ ಸಾಲನ್ನು ಅಳಿಸಿದರು. ಆ ಜಾಗದಲ್ಲಿ ಕೇಳಿಸಿದ್ದನ್ನಷ್ಟೇ ಹಾಕಿದರು: ಸೈರನ್, ಕಿಟಕಿ ಮುಚ್ಚಿದ ಸದ್ದು.

ಮೇಲಿನ ಕೋರ್ಟಿನಲ್ಲಿ ಡ್ರೈವರನ ವಕೀಲರು ಆ ಪುಟವನ್ನೇ ಹಿಡಿದು ವಾದಿಸಿದರು. ನಾದಿನಿಯನ್ನು ನಂಬದಿರಬಹುದು, ಆದರೆ ಯಾಕೆ ನಂಬಲಿಲ್ಲವೆಂದು ಜೈಲಿಗೆ ಹೋಗುವವನಿಗೆ ತಿಳಿಯಬೇಡವೇ? ಕೋರ್ಟು ಶಿಕ್ಷೆ ರದ್ದುಮಾಡಿ ಹೊಸ ವಿಚಾರಣೆಗೆ ಕಳಿಸಿತು. ಈ ಸಲ ಬೇರೆ ನ್ಯಾಯಾಧೀಶರು ನಾದಿನಿಯನ್ನು ನಂಬಿದರು, ಯಾಕೆಂದೂ ಬಿಡಿಸಿ ಹೇಳಿದರು. ಡ್ರೈವರ್ ಮನೆಗೆ ಬಂದ. ಈ ಸುದ್ದಿಯನ್ನೆಲ್ಲ ಕೋರ್ಟಿನ ಗುಮಾಸ್ತರೊಬ್ಬರು ಫೋನಿನಲ್ಲಿ ಹೇಳಿದಾಗ ಕಿವಿಯಕ್ಕನಿಗೆ ಅರ್ಧ ಸಂತೋಷ, ಅರ್ಧ ಸಂಕಟ. “ಆ ಹುಡುಗ ಹೊರಗೆ ಬಂದ, ಒಳ್ಳೇದಾಯ್ತು. ಆದ್ರೆ ನಮ್ಮ ಸಾರ್‌ನ ನಾನೇ ಸಿಕ್ಕಿಸಿಹಾಕಿದ ಹಾಗಾಯ್ತಲ್ಲ. ಅವರ ದನಿ ಮತ್ತೆ ಬಂದ್ರೆ ಹೇಗೆ ಕೇಳೋದು ಅಂತ ಭಯ ಇತ್ತು.”

ಇವತ್ತು ಬೆಳಗ್ಗೆ ಅದೇ ದನಿ ಬಂದಿದೆ. ಹೊಸದೊಂದು ತೀರ್ಪು, ಅದೇ ಪೆಪ್ಪರಮೆಂಟು. ನ್ಯಾಯಾಧೀಶರು ಒಬ್ಬೊಬ್ಬ ಸಾಕ್ಷಿಯನ್ನೂ ಯಾಕೆ ನಂಬಿದೆ, ಯಾಕೆ ನಂಬಲಿಲ್ಲ ಎಂದು ನಿಧಾನವಾಗಿ ಬಿಡಿಸುತ್ತಾರೆ. ಕೊನೆಗೆ ಬಂದಾಗ ಮಾತು ನಿಲ್ಲಿಸಿ, ಪಕ್ಕದಲ್ಲಿದ್ದ ಗುಮಾಸ್ತರನ್ನು ತಗ್ಗಿದ ದನಿಯಲ್ಲಿ ಕೇಳುತ್ತಾರೆ: “ಎಲ್ಲದಕ್ಕೂ ಕಾರಣ ಹೇಳಿದೆನಲ್ಲವೇ?”

ಗುಮಾಸ್ತರ ಉತ್ತರ ಮೈಕಿಗೆ ಸಿಕ್ಕಿಲ್ಲ. ಕಿವಿಯಕ್ಕನ ಕಾಲು ಪೆಡಲಿನಿಂದ ಮೇಲೇಳುತ್ತದೆ.

“ಹೇಳಿದ್ರಿ ಸಾರ್,” ಎನ್ನುತ್ತಾರೆ, ಪರದೆಯನ್ನು ನೋಡುತ್ತ. “ಪೂರ್ತಿ ಹೇಳಿದ್ರಿ.”

“ಯಾರ ಜೊತೇನೇ ಮಾತು?” ರಜಾಯಿಯ ಆಚೆಯಿಂದ ಅತ್ತೆ.

ಕಿವಿಯಕ್ಕ ನ್ಯಾಯಾಧೀಶರ ಪ್ರಶ್ನೆಯನ್ನು ಟೈಪ್ ಮಾಡುತ್ತಾರೆ. ತಮ್ಮ ಉತ್ತರವನ್ನು ಟೈಪ್ ಮಾಡುವುದಿಲ್ಲ.